ರಕ್ತ ಕೊಡುವ ವಯಸ್ಸು

ಅಹಿಹಿಕ್, ಮೆಕ್ಸಿಕೋ
ಫೆಬ್ರವರಿ 19

ಪ್ರೀತಿಯ ನಡೀನ್,

ಚೆನ್ನಾಗಿದ್ದೀಯ ತಾನೆ? ಒಹಾಯೊದಲ್ಲಿ ಹಿಮ ಇನ್ನೂ ಕರಗಿರಲಿಕ್ಕಿಲ್ಲ. ಅವತ್ತು ಫೋನಿಟ್ಟ ಮೇಲೆ ನಿನಗೆ ಒಂದು ಸಾಲೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಅಂದರೆ ಅರ್ಧ ನಿಜ. ಉಳಿದರ್ಧವನ್ನು ಕೊನೆಗೆ ಹೇಳುತ್ತೇನೆ, ಧೈರ್ಯ ಬಂದರೆ.

ಮೊದಲು ನಿನ್ನ ಭಾವನ ಸಮಾಚಾರ. ಹಾರ್ಲನ್ ಎಲ್ಲರನ್ನೂ ಬೈಯುತ್ತಿದ್ದಾನೆ, ಅಂದರೆ ಗುಣವಾಗುತ್ತಿದ್ದಾನೆ. ಮಾರುಕಟ್ಟೆ ಬೀದಿಯ ಕಲ್ಲುಹಾಸಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡನಲ್ಲ, ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ಜೇಬಿನಿಂದ ಸರ್ಕಾರಿ ವಿಮೆಯ ಆ ಮೆಡಿಕೇರ್ ಕಾರ್ಡು ತೆಗೆದ. "ಇದನ್ನ ತೋರಿಸು ಲೋರ್ನಾ. ದುಡಿದಷ್ಟು ದಿನಾನೂ ನನ್ನ ಸಂಬಳದಲ್ಲಿ ಹಿಡ್ಕೊಂಡಿದಾರೆ."

"ಅದು ಅಮೆರಿಕಾದಲ್ಲಿ ನಡೆಯುತ್ತೆ ಮಾರಾಯ. ಇಲ್ಲಿ ಅದ್ರಲ್ಲಿ ಬೆನ್ನು ಕೆರ್ಕೋಬಹುದು, ಅಷ್ಟೆ."

"ಹಾಗಾದ್ರೆ ಟೆಕ್ಸಾಸಿಗೆ ಕರ್ಕೊಂಡು ಹೋಗು."

ಡಾಕ್ಟರಿಗೆ ಹೇಳಿದರೆ ನಕ್ಕುಬಿಟ್ಟರು. ಈ ಸೊಂಟ ಇಟ್ಟುಕೊಂಡು ವಿಮಾನವಂತೆ! ಇಲ್ಲಿಯ ವಿಮೆಯವರಂತೂ ನಮ್ಮ ವಯಸ್ಸು ಕೇಳಿ ಬಾಗಿಲಲ್ಲೇ ವಾಪಸು ಕಳಿಸಿದ್ದರು. ಅಮೆರಿಕಾದ ಮನೆ ಮಾರಿದ್ದರಲ್ಲಿ ಇಂಥ ಹೊತ್ತಿಗೆಂದು ಎತ್ತಿಟ್ಟಿದ್ದದ್ದು ಆಸ್ಪತ್ರೆಗೆ ಹೋಯಿತು.

ದುಡ್ಡು ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದೆ. ದುಡ್ಡು ಕಟ್ಟುವ ಕಿಟಕಿಯ ಹಿಂದಿದ್ದ ಹುಡುಗಿ, "ಇನ್ನು ರಕ್ತ ಕೊಡೋರು ಇಬ್ಬರನ್ನ ಕರ್ಕೊಂಡು ಬನ್ನಿ ಸೆನ್ಯೋರಾ" ಅಂದಳು. ಇಲ್ಲಿ ಹಾಗೆಯೇ. ರೋಗಿಗೆ ಬಳಸುವ ರಕ್ತಕ್ಕೆ ಬದಲಾಗಿ ಅವನ ಕಡೆಯವರು ಕೊಡಬೇಕು, ಅಲ್ಲಿಯವರೆಗೆ ಆಪರೇಷನ್ ಇಲ್ಲ. ಯಾವ ಗುಂಪಿನ ರಕ್ತವಾದರೂ ಆದೀತು, ಕೊಡುವವರಿಗೆ ಅರವತ್ತೈದು ತುಂಬಿರಬಾರದು.

ನಮಗೆ ಬೇಕಾದವರು ಈ ಊರಿನ ತುಂಬ ಇದ್ದಾರೆ ನಡೀನ್, ಆದರೆ ಎಲ್ಲರೂ ನಮ್ಮ ಹಾಗೆ ಪಿಂಚಣಿ ತೆಗೆದುಕೊಂಡು ಬಂದು ಕೂತವರು. ನನ್ನ ಇಸ್ಪೀಟಿನ ಜೊತೆಗಾತಿ ಬರ್ನೀಸ್, "ಸೂಪ್ ಬೇಕಾ, ಪಾತ್ರೆಗಟ್ಟಲೆ ತರ್ತೀನಿ. ರಕ್ತ ಕೇಳ್ಬೇಡ ಕಣೆ, ನನ್ನೊಳಗೆ ಹರೀತಿರೋದು ಬರೀ ಬಿಪಿ ಮಾತ್ರೆ" ಅಂದಳು. ಉಳಿದವರದೂ ಅದೇ ಕಥೆ. ಬರಿಗೈಲಿ ವಾಪಸು ಬಂದಾಗ ಕಿಟಕಿಯ ಹುಡುಗಿ ಮೆತ್ತಗೆ, "ನಿಮ್ಮವರು ಅಂತ ಯಾರೂ ಇಲ್ವಾ?" ಎಂದು ಕೇಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಕೊನೆಗೆ ಬಂದವಳು ಯಾರು ಗೊತ್ತಾ? ಪಕ್ಕದ ಮನೆಯ ಚಾಯೊ. ಅವಳ ಹುಂಜ ಕೂಗಿದಾಗಲೆಲ್ಲ ಹಾರ್ಲನ್ ಗೋಡೆಗೆ ಆತುಕೊಂಡು ಜಗಳಕ್ಕೆ ನಿಲ್ಲುತ್ತಿದ್ದನಲ್ಲ, ಅವಳೇ. ಆಂಬುಲೆನ್ಸ್ ಹೋದದ್ದನ್ನು ನೋಡಿದ್ದಳಂತೆ. ಅಳಿಯನನ್ನೂ ಎಳೆದುಕೊಂಡು ಬಂದು, ಇಬ್ಬರೂ ತೋಳು ಚಾಚಿದರು. ಆಪರೇಷನ್ ಆದ ಮೇಲೆ ಮಂಚದ ಹತ್ತಿರ ಬಂದು, "ನಮ್ಮನೆ ರಕ್ತ ಕೊಟ್ಟಿದೀವಿ ಸೆನ್ಯೋರ್ ಹಾರ್ಲನ್. ಇನ್ಮೇಲೆ ಹುಂಜ ಕೂಗಿದ್ರೆ ತೆಪ್ಪಗೆ ಮಲಗಿರ್ಬೇಕು" ಅಂದಳು.

"ಮೊದಲು ಅದನ್ನ ಸಾರು ಮಾಡಿ ತಾ" ಅಂದ ಇವನು.

ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾನೆ. ಅವನು ನಿದ್ದೆ ಹೋದರೆ ಮನೆ ಬಿಕೋ ಅನ್ನುತ್ತದೆ. ಅಂಥ ಹೊತ್ತಲ್ಲಿ ಹುಂಜ ಕೂಗಿದರೂ ಜೊತೆಗೆ ಯಾರೋ ಇದ್ದಾರೆ ಅನ್ನಿಸುತ್ತದೆ.

ನಿನ್ನ ಮಂಡಿನೋವು ಕಡಿಮೆಯಾಗಲಿ, ಮೊಮ್ಮಕ್ಕಳು ನಿನ್ನ ಮಾತು ಕೇಳಲಿ, ಆ ಚಳಿಯಲ್ಲಿ ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಲೋರ್ನಾ

ತಾ.ಕ.: ರಕ್ತ ಅಂದ ಕೂಡಲೇ, ಬರ್ನೀಸಿಗಿಂತ ಮೊದಲು ನಾನು ಫೋನು ಮಾಡಿದ್ದು ನಿನಗೆ. ನಿನಗಿನ್ನೂ ಅರವತ್ತನಾಲ್ಕು ಎಂದು ನೆನಪಾಗಿ ಎಷ್ಟು ಸಂತೋಷವಾಗಿತ್ತು ಗೊತ್ತಾ? "ಅಲ್ಲಿ ನನಗೇ ಏನಾದ್ರೂ ಆದ್ರೆ? ನನ್ನ ವಿಮೆ ಗಡಿ ದಾಟಲ್ಲ ಅಕ್ಕ" ಅಂದೆ ನೀನು. ನಾವಿಲ್ಲಿ ದಿನಾ ಆಡುವ ಮಾತೇ ಅದು, ತಪ್ಪು ಅನ್ನಲಾರೆ. ಆದರೂ ನೋವಾಯಿತು, ಇನ್ನೂ ಇದೆ. ಮೇ ತಿಂಗಳಿಗೆ ನಿನಗೆ ಅರವತ್ತೈದು ತುಂಬುತ್ತದೆ. ಆಮೇಲೆ ಇಲ್ಲಿ ಯಾರೂ ನಿನ್ನ ರಕ್ತ ಕೇಳುವುದಿಲ್ಲ. ಆಗಲಾದರೂ ಒಮ್ಮೆ ಬಂದು ಹೋಗು.