ಬಿಜ್ಜರಗಿಯ ರಕ್ತ, ಕಂಪನಿಯ ಬೀಗ

ಇಬ್ರಾಹಿಂಪುರ, ವಿಜಯಪುರ
28 ಅಕ್ಟೋಬರ್ 2025

ಮಗಳು ಐಶ್ವರ್ಯಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಮೈಯಲ್ಲಿ ಹೇಗಿದೆ? ದಿಲ್ಲಿಯ ಹೊಗೆಗೆ ಮತ್ತೆ ಕೆಮ್ಮು ಹತ್ತಿದೆಯೆಂದು ನಿನ್ನ ಅವ್ವ ಹೇಳಿದಳು. ಅವಳು ಕಟ್ಟಿಕೊಟ್ಟ ಶೇಂಗಾ ಹಿಂಡಿ ಮುಗಿದಿದ್ದರೆ ತಿಳಿಸು. ನಾವಿಬ್ಬರೂ ಆರಾಮ. ಮೆಡಿಕಲ್ ಕಾಲೇಜಿನ ಲೈಬ್ರರಿ ಮೆಟ್ಟಿಲು ಕಂಡರೆ ನನ್ನ ಮೊಣಕಾಲು ಮುನಿಯುತ್ತದೆ, ಅಷ್ಟೆ. ಕುಶಲದ ಮಾತು ಇಲ್ಲಿಗೆ ಮುಗಿಯಿತು. ಮುಂದಿನದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು "ಆಮ್ಯಾಲೆ ಮಾಡ್ತೀನಪಾ" ಎಂದು ಇಟ್ಟುಬಿಡುತ್ತೀ.

ಈ ತಿಂಗಳ ಎಂಟಕ್ಕೆ ಬಿಜ್ಜರಗಿಯಿಂದ ಸಬೀರಾ ಎಂಬ ಹುಡುಗಿಯನ್ನು ನಮ್ಮ ಆಸ್ಪತ್ರೆಗೆ ತಂದರು. ಮೂರು ತಿಂಗಳ ಕೂಸಿನ ತಾಯಿ. ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಚಾಟ್ನಿ ಆದಮೇಲೆ ಚಿಗುರು ಒಡೆಯಲೆಂದು ಕಡ್ಡಿಗೆ ಹಚ್ಚುತ್ತಾರಲ್ಲ, ಆ ಪೇಸ್ಟನ್ನು ಎರಡು ದಿನ ಬರಿಗೈಯಲ್ಲಿ ಹಚ್ಚಿದ್ದಳು. ಮುಖ, ಕೊರಳು ಕೆಂಡದ ಹಾಗೆ ಕೆಂಪು, ಎದೆ ಡವಡವ, ವಾಂತಿ, ಬಿ.ಪಿ. ಇಳಿಯುತ್ತಿತ್ತು. ಪೇಸ್ಟ್ ಹಚ್ಚಿದವರು ಸೆರೆ ಕುಡಿದರೆ ಹೀಗಾಗುತ್ತದೆಂದು ಡಾಕ್ಟರರಿಗೆ ಗೊತ್ತು. ಆದರೆ ಈಕೆ ಸೆರೆ ಮುಟ್ಟಿದವಳೇ ಅಲ್ಲ. ಅಲರ್ಜಿ ಇರಬೇಕೆಂದು ಔಷಧ ಕೊಟ್ಟರು. ಹೌಸ್‌ಸರ್ಜನ್ ತೌಸೀಫನಿಗೆ ಮಾತ್ರ ಬಿಜ್ಜರಗಿಯ ಹೆಂಗಸರನ್ನು ಪರೀಕ್ಷಿಸಿ ಈ ಪೇಸ್ಟಿನ ಬಗ್ಗೆ ನೀನು ಬರೆದ ಲೇಖನ ನೆನಪಾಗಿ, ಏದುಸಿರು ಬಿಡುತ್ತ ಲೈಬ್ರರಿಗೆ ಓಡಿಬಂದ. "ಕಾಕಾ, ಐಶ್ವರ್ಯಕ್ಕಂದು ಪೇಸ್ಟಿನ ಪೇಪರ್ ಐತಲ್ಲ, ಲಗೂನ ತಗೀರಿ. ಸೆರೆ ಕುಡೀದ ಹೆಣ್ಮಕ್ಕಳಿಗೂ ಹಿಂಗ ಆಗಿದ್ದು ಅದರಾಗ ಐತಿ."

ಹೆಮ್ಮೆಯಿಂದ ಅವನನ್ನು ಕಂಪ್ಯೂಟರಿನ ಮುಂದೆ ಕೂಡಿಸಿದೆ. ನಿನ್ನ ಹೆಸರು ಬಂತು, ಬಿಜ್ಜರಗಿಯ ಹೆಸರು ಬಂತು, ಹತ್ತು ಸಾಲಿನ ಸಾರಾಂಶ ಬಂತು. ಮದ್ಯ ಸೇವಿಸದ ಆರು ಮಹಿಳೆಯರ ಕಾರಣವನ್ನು ಒಳಗೆ ಚರ್ಚಿಸಲಾಗಿದೆಯಂತೆ. ಒಳಗೆ ಹೋಗಬೇಕಾದರೆ ಒಂದು ದಿನಕ್ಕೆ ನಾಲ್ಕು ಸಾವಿರ, ಅದೂ ಹೊರದೇಶಕ್ಕೆ ನಡೆಯುವ ಕಾರ್ಡಿನಲ್ಲಿ. ನನ್ನ ಕಾರ್ಡು ಸ್ಟೇಷನ್ ರಸ್ತೆಯ ಎಟಿಎಮ್ಮಿನಾಚೆ ನಡೆಯುವುದಿಲ್ಲ. ಅವನದೂ ನಡೆಯಲಿಲ್ಲ. ಆ ಪತ್ರಿಕೆ ಹೊರಡಿಸುವ ಕಂಪನಿಯವರು ವರ್ಷವರ್ಷ ದರ ಏರಿಸಿ ಏರಿಸಿ, ನಮ್ಮ ಆಡಳಿತದವರು ಏಪ್ರಿಲ್‌ನಲ್ಲೇ ಚಂದಾ ಕೈಬಿಟ್ಟಿದ್ದರು. ನಾನು ಬೈಂಡರ್ ಆಗಿ ಸೇರಿದ ಕಾಲಕ್ಕೆ ಚಂದಾ ನಿಂತರೆ ಹೊಸ ಸಂಚಿಕೆ ಬರುತ್ತಿರಲಿಲ್ಲ, ಅಷ್ಟೆ. ಹಳೆಯವು ನಾನು ಹೊಲಿದ ರಟ್ಟಿನೊಳಗೆ ಕಪಾಟಿನಲ್ಲಿ ಇರುತ್ತಿದ್ದವು. ಈಗ ಏಳು ವರ್ಷ ದುಡ್ಡು ಕೊಟ್ಟು ಓದಿದ್ದೂ ಒಂದೇ ದಿನಕ್ಕೆ ಮಾಯ! ಬಾಡಿಗೆ ಮನೆ ಬಿಡಿಸುವವರೂ ನಮ್ಮ ಪಾತ್ರೆ ನಮಗೆ ಕೊಡುತ್ತಾರಲ್ಲ, ಯವ್ವಾ?

ನಿನಗೆ ಆರು ಸಲ ಫೋನ್ ಮಾಡಿದೆ. ತೌಸೀಫ ಮೇಲ್ ಹಾಕಿದ. ಸಬೀರಾ ಸಂಜೆಗೆ ಚೇತರಿಸಿಕೊಂಡಳು, ಮರುದಿನ ಮನೆಗೆ ಕಳಿಸಿದರು. ಮೂರನೆಯ ದಿನ ಮತ್ತೆ ತಂದಾಗ ಪ್ರಜ್ಞೆಯೇ ಇರಲಿಲ್ಲ. ಅಂದೇ ನಿನ್ನ ಮೆಸೇಜು ಬಂತು: "ಅಪ್ಪಾ, ಹಕ್ಕು ಕಂಪನಿಗೆ ಬರದು ಕೊಟ್ಟೀನಿ. ಹಂಚಿದ್ರ ನನಗ ತ್ರಾಸ ಆಗತೈತಿ. ಲೈಬ್ರರಿಯವರಿಗೆ ಕೊಳ್ಳಾಕ ಹೇಳು."

ಮನೆಗೆ ಬಂದವನೇ ನಿನ್ನ ಟ್ರಂಕು ತೆಗೆದೆ. ಬಿಜ್ಜರಗಿಯಲ್ಲಿ ನೀನು ಬರೆದುಕೊಂಡ ನೋಟುಬುಕ್ಕು ತಳದಲ್ಲಿತ್ತು. ಆ ಆರು ಹೆಂಗಸರ ಹೆಸರಿನ ಮುಂದೆ ನಿನ್ನದೇ ಅಕ್ಷರ: ಬಾಣಂತಿ ಟಾನಿಕ್, ಅದರಲ್ಲಿ ಮದ್ಯದ ಅಂಶ. ಅದನ್ನು ಹಿಡಿದು ತೌಸೀಫ, ಐಸಿಯು ಹೊರಗೆ ಕೂಸನ್ನೆತ್ತಿಕೊಂಡು ಕೂತಿದ್ದ ಸಬೀರಾಳ ತಾಯಿ ಪೀರಾಂಬಿಯನ್ನು ಕೇಳಿದ. "ಹೌದ್ರಿ, ಶಕ್ತಿ ಬರ್ಲಿ ಅಂತ ದಿನಾ ಎರಡ ಮುಚ್ಚಳ ಕುಡಸ್ತೀನ್ರಿ. ದವಾಖಾನಿಂದ ಬಂದ ಮ್ಯಾಲ ಬಾಳ ಸೋತಾಳ ಅಂತ ನಾಕ ಕುಡಿಸಿದ್ನಿರಿ" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಿಳಿಯಿತು. ಕೂಸನ್ನು ನನ್ನ ಕೈಗಿಟ್ಟು ಅಲ್ಲೇ ನೆಲಕ್ಕೆ ಕುಸಿದಳು.

ಸಬೀರಾ ಆರು ದಿನ ಉಸಿರಾಟದ ಮೆಷಿನ್ನಿನ ಮೇಲಿದ್ದು ಬದುಕಿದಳು. ಎದೆಯ ಹಾಲು ಬತ್ತಿದೆ. ಪೀರಾಂಬಿ ಮಗಳ ಮುಖ ನೋಡಲು ಇನ್ನೂ ಅಂಜುತ್ತಾಳೆ.

ಆ ಲೇಖನಕ್ಕಾಗಿ ಸ್ಕೂಟರಿನ ಹಿಂದೆ ನಿನ್ನನ್ನೂ ರಕ್ತದ ಸೀಸೆಗಳ ಡಬ್ಬಿಯನ್ನೂ ಕೂಡಿಸಿಕೊಂಡು ಹನ್ನೆರಡು ರವಿವಾರ ಬಿಜ್ಜರಗಿಗೆ ಹೋದವನು ನಾನು. ಹೆಂಗಸರು ಸೂಜಿಗೆ ಹೆದರಿ ಹಿಂದೆ ಸರಿದಾಗ ಲಕ್ಕವ್ವ ಎಂಬ ಮುದುಕಿ ಮೊದಲು ತೋಳು ಚಾಚಿ, "ತಗೊ ನಮ್ಮವ್ವ, ನಮ್ಮ ಮಕ್ಕಳಿಗರ ಉಪಯೋಗ ಆಗ್ಲಿ" ಎಂದಿದ್ದಳು. ಕಂಪನಿ ಅವಳಿಗೆ ಪೈಸೆ ಕೊಟ್ಟಿತೆ? ಬರೆದ ನಿನಗೆ ಕೊಟ್ಟಿತೆ? ಅಚ್ಚಿಗೆ ಮುಂಚೆ ಪರಿಶೀಲಿಸಿದ ಪ್ರೊಫೆಸರರಿಗೆ ಕೊಟ್ಟಿತೆ? ಎಲ್ಲರೂ ಓದುವಂತೆ ತೆರೆದಿಡಬೇಕಾದರೆ ಎರಡೂವರೆ ಲಕ್ಷ ತಾ ಎಂದು ನಿನ್ನನ್ನೇ ಕೇಳಿದ್ದರು. ಆಗ ನೀನು ಅತ್ತದ್ದನ್ನು ಮರೆತಿಲ್ಲ. ಅದು ನಿನ್ನ ತಪ್ಪಲ್ಲ. ಆದರೆ ಫೋನ್ ಎತ್ತಿ "ಟಾನಿಕ್" ಎಂಬ ಒಂದು ಶಬ್ದ ಹೇಳಲು ಯಾವ ಕಂಪನಿ ನಿನ್ನ ಬಾಯಿ ಹಿಡಿದಿತ್ತು? ಡಾಕ್ಟರು ಯಾರು, ನೀನೋ ಕಂಪನಿಯವರೋ?

ಇಷ್ಟು ಬಿರುಸಾಗಿ ಬರೆಯಬೇಡವೆಂದು ನಿನ್ನ ಅವ್ವ ಪಕ್ಕದಲ್ಲೇ ಗೊಣಗುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿನೀರು ಕುಡಿ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಈರಯ್ಯ

ತಾ.ಕ.: ಕವರು ಅಂಟಿಸುವ ಮೊದಲು ಇನ್ನೊಂದು ಮಾತು. ಕಂಪನಿಯ ಕರಾರುಪತ್ರವೂ ಟ್ರಂಕಿನಲ್ಲಿತ್ತು, ತೌಸೀಫ ಪೂರ್ತಿ ಓದಿದ. ನೀನು ಟೈಪ್ ಮಾಡಿದ ಪ್ರತಿಯನ್ನು, ಲೇಖನ ಅಚ್ಚಾಗಿ ಒಂದು ವರ್ಷವಾದ ಮೇಲೆ ಉಚಿತ ಜಾಲತಾಣದಲ್ಲಿ ಇಡಬಹುದೆಂದು ಅದರಲ್ಲೇ ಬರೆದಿದೆ. ವರ್ಷ ಜೂನಿಗೇ ತುಂಬಿದೆ. ಸಹಿ ಹಾಕುವಾಗ ನೀನು ಓದಿಯೇ ಇಲ್ಲ! ಈ ಪತ್ರ ಮುಟ್ಟಿದ ದಿನವೇ ಇಡು. ನೋಟುಬುಕ್ಕಿನ ಆ ಪುಟದ ಜೆರಾಕ್ಸನ್ನು ತಿಕೋಟಾ, ಬಬಲೇಶ್ವರ ದವಾಖಾನೆಗಳಿಗೆ ಈಗಾಗಲೇ ಕೊಟ್ಟುಬಂದಿದ್ದೇನೆ, ಹೆಂಗಸರ ಹೆಸರು ಮುಚ್ಚಿ. ನಿನ್ನ ಹೆಸರನ್ನೂ ಹಾಕಿಲ್ಲ. ಹಾಕಬೇಕೆಂದರೆ ನಾಳೆಯೇ ಹೋಗಿ ನನ್ನ ಕೈಯಾರೆ ಬರೆದು ಬರುತ್ತೇನೆ. ನೀನು ಹ್ಞೂಂ ಅನ್ನಬೇಕು.