ಹೊಸ ಸಕ್ಕರೆಯವರ ಪಾದವನ್ನೂ ಮುಟ್ಟಿ ನೋಡಿ

ಸಕ್ಕರೆ ಕಾಯಿಲೆ ತಪಾಸಣಾ ಶಿಬಿರಗಳ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ಮಾನ್ಯರೇ, ನಿಮ್ಮ ಶಿಬಿರದ ಮೇಜಿನ ಹಿಂದೆ ಒಂದು ಫಲಕ ತೂಗುಹಾಕಿದ್ದೀರಿ: ‘ಕಣ್ಣು, ಮೂತ್ರಪಿಂಡ, ಪಾದಗಳ ಪರೀಕ್ಷೆ ಕಾಯಿಲೆ ಬಂದು ಐದು ವರ್ಷ ತುಂಬಿದವರಿಗೆ ಮಾತ್ರ.’ ದಯವಿಟ್ಟು ಅದನ್ನು ಇಳಿಸಿ. ಅದನ್ನು ನಂಬಿ ನಾನು ಬಲಗಾಲು ಕಳೆದುಕೊಳ್ಳುವುದರಲ್ಲಿದ್ದೆ. ಜೊತೆಗೆ ಚಪ್ಪಲಿ ಕಳ್ಳ ಎಂಬ ಬಿರುದನ್ನೂ ಸಂಪಾದಿಸಿದೆ.

ನಾನು ಮಂಡಿಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರಿ. ನಗಬೇಡಿ, ನನ್ನ ಹೆಂಡತಿ ಕಸ್ತೂರಮ್ಮ ಈಗಾಗಲೇ ಸಾಕಷ್ಟು ನಕ್ಕಿದ್ದಾಳೆ. ಕಳೆದ ಬೇಸಿಗೆಯಲ್ಲಿ ನಿಮ್ಮ ಶಿಬಿರದಲ್ಲೇ ಬೆರಳು ಚುಚ್ಚಿಸಿಕೊಂಡು ಸಕ್ಕರೆ ಇದೆ ಎಂದು ತಿಳಿದುಕೊಂಡೆ. ಅಂಗಾಲು ಜುಮ್ಮೆನ್ನುತ್ತದೆ, ಒಮ್ಮೊಮ್ಮೆ ಹತ್ತಿಯ ಮೇಲೆ ನಡೆದಂತಾಗುತ್ತದೆ ಎಂದೂ ಹೇಳಿದೆ. ನಿಮ್ಮ ಸಿಬ್ಬಂದಿ ಫಲಕ ತೋರಿಸಿ, “ನಿಮ್ದು ಹೊಸಾ ಸಕ್ಕರೆ ರೀ. ಅದಕ್ಕೆಲ್ಲ ಇನ್ನೂ ಟೈಮ್ ಐತೆ” ಎಂದು ಮಾತ್ರೆ ಕೊಟ್ಟು ಕಳಿಸಿದರು. ಸರ್ಕಾರಿ ನೌಕರರ ಹಾಗೆ ಕಾಯಿಲೆಯೂ ಸೇವಾವಧಿ ತುಂಬಿದ ಮೇಲೆಯೇ ಬಡ್ತಿ ಪಡೆಯುತ್ತದೆ ಎಂದು ನಾನೂ ನಂಬಿದೆ. ಎಂಥ ಶಿಸ್ತಿನ ಕಾಯಿಲೆ!

ಆಮೇಲೆ ಹರಿಹರದಲ್ಲಿ ಗೆಳೆಯ ಏಕಾಂತಪ್ಪನ ಮನೆಯ ಗೃಹಪ್ರವೇಶ ಬಂತು. ಹೋಳಿಗೆಯನ್ನು ಕಣ್ಣಲ್ಲೇ ತಿಂದು ಎದ್ದು ಬಂದೆ. ಬಾಗಿಲಲ್ಲಿದ್ದ ಚಪ್ಪಲಿ ರಾಶಿಯಲ್ಲಿ ಕಂದು ಬಣ್ಣದ ಜೋಡಿಯೊಂದನ್ನು ಮೆಟ್ಟಿಕೊಂಡು, ಬಸ್ ನಿಲ್ದಾಣದವರೆಗೆ ನಡೆದು, ದಾವಣಗೆರೆಗೆ ಬಂದು, ನಿಜಲಿಂಗಪ್ಪ ಬಡಾವಣೆಯ ಮನೆ ಸೇರಿದೆ. ಒಳಗೆ ಕಾಲಿಟ್ಟಲ್ಲೆಲ್ಲ ನೆಲದ ಮೇಲೆ ಕೆಂಪು ಗುರುತು ಮೂಡಿತು. ಗೃಹಪ್ರವೇಶದ ಕುಂಕುಮ ಎಂದುಕೊಂಡು ಕಸ್ತೂರಮ್ಮ ಭಕ್ತಿಯಿಂದಲೇ ಒರೆಸಿದಳು.

ಮರುದಿನ ಬೆಳಿಗ್ಗೆ ನನ್ನ ಚಪ್ಪಲಿಯನ್ನು ಚೀಲದಲ್ಲಿ ಹಿಡಿದುಕೊಂಡು ಗುತ್ತೂರಿನ ರೈತ ಭರಮಣ್ಣ ಬಂದ. ಅವನೂ ಆ ಊಟಕ್ಕೆ ಬಂದಿದ್ದವನೇ, ನಾನು ಮೆಟ್ಟಿಕೊಂಡು ಬಂದದ್ದು ಅವನ ಜೋಡಿ. ಏಕಾಂತಪ್ಪನಿಂದ ವಿಳಾಸ ಪಡೆದಿದ್ದ. ಕ್ಷಮೆ ಕೇಳೋಣವೆಂದರೆ ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಚಪ್ಲಿ ಹೋಗ್ಲಿ ಬಿಡ್ರಿ ಸಾವ್ಕಾರ್ರೆ. ಅದ್ರ ಹಿಮ್ಮಡಿಯಾಗೆ ಒಂದು ಮೊಳೆ ಎದ್ದೈತೆ. ನಾನು ಊಟಕ್ಕೆ ಕುಂಟ್ಕೆಂತ ಬಂದಿದ್ದೆ. ನೀವು ದಾವಣಗೆರೆ ಮುಟ್ಟಾ ಹೆಂಗೆ ಬಂದ್ರಿ?”

“ಮೊಳೆನಾ? ನಂಗೇನೂ ಗೊತ್ತಾಗ್ಲಿಲ್ಲಪ್ಪ.”

ಕುಂಕುಮವೆಂದು ಒರೆಸಿದ್ದು ರಕ್ತ ಎಂದು ಕಸ್ತೂರಮ್ಮನಿಗೆ ಆಗ ಹೊಳೆಯಿತು. “ಕಾಲು ತೋರಸ್ರಿ ಇಲ್ಲಿ” ಎಂದಳು. ಹಿಮ್ಮಡಿಯಲ್ಲಿ ತೂತು ಬಿದ್ದು ಸುತ್ತ ಊದಿಕೊಂಡಿತ್ತು. ನನಗೆ ನಿಜವಾಗಿಯೂ ಭಯವಾಯಿತು. ಗಾಯ ಕಂಡಿದ್ದಕ್ಕಲ್ಲ, ಅದನ್ನು ಒತ್ತಿದರೂ ನೋಯಲಿಲ್ಲ, ಅದಕ್ಕೆ.

ಗಾಯ ತೊಳೆದು ಕಟ್ಟಿದ ವೈದ್ಯರು ಹೇಳಿದರು: “ಇದು ಈಗ ಗೊತ್ತಾಗಿರೋ ಸಕ್ಕರೆ ರೀ, ಈಗ ಬಂದಿರೋದಲ್ಲ. ವರ್ಷಗಟ್ಟಲೆ ಸದ್ದಿಲ್ದಂಗೆ ಒಳಗೆ ಕುಂತಿರುತ್ತೆ. ಅಷ್ಟರಾಗೆ ಸಣ್ಣ ರಕ್ತನಾಳಗಳು, ನರಗಳು ಕೆಟ್ಟಿರಬಹುದು.” ಕಣ್ಣಿಗೆ ಹನಿ ಹಾಕಿಸಿ ನೋಡಿಸಿದರೆ ಅಲ್ಲೂ ರಕ್ತದ ಸಣ್ಣ ಚುಕ್ಕಿಗಳಿದ್ದವು. ಮೂತ್ರಪಿಂಡ ಮಾತ್ರ ಇನ್ನೂ ನನ್ನ ಕಡೆಗಿದೆ. ಐದು ವರ್ಷ ಕಾಯುವ ಮಾತಿರುವುದು, ಹೆಚ್ಚಾಗಿ ಮಕ್ಕಳಲ್ಲಿ ದಿಢೀರನೆ ಕಾಣಿಸಿಕೊಂಡು ಮೊದಲ ದಿನದಿಂದಲೇ ಇನ್ಸುಲಿನ್ ಬೇಡುವ ಬೇರೆ ಬಗೆಯ ಸಕ್ಕರೆಗಂತೆ. ಮಾನ್ಯರೇ, ಮಕ್ಕಳ ನಿಯಮವನ್ನು ಮೊಮ್ಮಕ್ಕಳಿರುವ ನಮಗೆ ಅಂಟಿಸಿದ ಪುಣ್ಯಾತ್ಮರು ಯಾರು? ಪಾದ ಪರೀಕ್ಷೆಗೆ ಬೇಕಾದದ್ದು ಅಂಗಾಲಿಗೆ ತಾಗಿಸಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡುವ ಒಂದು ನೈಲಾನ್ ಎಳೆ ಮತ್ತು ಬಗ್ಗುವ ಸೊಂಟ. ಇವೆರಡರಲ್ಲಿ ಇಲಾಖೆಗೆ ಯಾವುದರ ಕೊರತೆ?

ಗಾಯ ಮಾಗಿದೆ. ಭರಮಣ್ಣ ಈಗ ಮನೆಯವನಂತಾಗಿದ್ದಾನೆ, ಬಂದಾಗಲೆಲ್ಲ ಚಪ್ಪಲಿಯನ್ನು ಮಾತ್ರ ಒಳಗೇ ತಂದಿಟ್ಟುಕೊಳ್ಳುತ್ತಾನೆ. ಹಬ್ಬಕ್ಕೊಮ್ಮೆ ನನ್ನ ಪಾದ ಮುಟ್ಟುತ್ತಿದ್ದ ಕಸ್ತೂರಮ್ಮ ಈಗ ದಿನಾ ಕನ್ನಡಕ ಹಾಕಿಕೊಂಡು ಎರಡನ್ನೂ ತಿರುವಿ ನೋಡುತ್ತಾಳೆ. ಬೆರಳುಗಳ ಮೇಲೆ ಕೈಯಾಡಿಸಿ, “ಮುಟ್ಟಿದ್ದು ಗೊತ್ತಾತಾ?” ಎಂದು ಕೇಳುತ್ತಾಳೆ. ಎಷ್ಟೋ ಸಲ ಗೊತ್ತಾಗಿರುವುದಿಲ್ಲ. ಆದರೂ “ಹೂಂ” ಎನ್ನುತ್ತೇನೆ.

ಹರಿಹರದಲ್ಲಿ ನಡೆಯಲಿರುವ ನಿಮ್ಮ ಮುಂದಿನ ಶಿಬಿರದಲ್ಲಿ ಸಕ್ಕರೆ ಇದೆ ಎಂದು ಗೊತ್ತಾದವರ ಕಣ್ಣು, ಪಾದ, ಮೂತ್ರಗಳ ಪರೀಕ್ಷೆ ಅಂದೇ ಆಗಬೇಕು. ಇನ್ನೊಬ್ಬ ಗಂಡ ತನ್ನ ಹೆಂಡತಿಗೆ ಇಂಥ ಸುಳ್ಳು ಹೇಳುವಂತಾಗಬಾರದು.

ಇಂತಿ,
ನಿಮ್ಮ ಫಲಕದ ಪ್ರಕಾರ ಇನ್ನೂ ಏನೂ ಆಗಿರದ
ರುದ್ರಮುನಿ
ಮಂಡಿಪೇಟೆ, ದಾವಣಗೆರೆ