ಬಕೆಟ್ಟಿನ ನೀರು, ತೋವೆಯ ಕೇಕ್

ಮಾರ್ಚ್ 14, ಶುಕ್ರವಾರ

ಆ ಕೇಕ್ ಇನ್ನೂ ಕಣ್ಣ ಮುಂದಿದೆ. ತಪ್ಪು ಮಾಡಿದವರು ಶುಕ್ರವಾರ ಎಲ್ಲರಿಗೂ ಕೇಕ್ ತರುವುದು ನಮ್ಮ ಡೈರಿಯಲ್ಲಿ ರೂಢಿ, ಇರಲಿ. ಆದರೆ ತೋವೆ ಯಾಕೆ ತರಬೇಕಿತ್ತು?

ಡೈರಿಯ ಕೊಳಚೆ ನೀರು ಶುದ್ಧ ಮಾಡುವ ಕೆಲಸವನ್ನು ಅವಳಿಗೆ ಕಲಿಸುತ್ತಿರುವವಳು ನಾನು. ಮೊನ್ನೆ ನೋಡಿದರೆ, ತೊಟ್ಟಿಯಲ್ಲಿರಬೇಕಾದ ಆಮ್ಲಜನಕದ ಮಾಪಕ ಒಂದು ಬಕೆಟ್ಟಿನ ಶುದ್ಧ ನಲ್ಲಿ ನೀರಿನಲ್ಲಿ ಮುಳುಗಿ ಕೂತಿತ್ತು. ತೊಟ್ಟಿಯಲ್ಲಿ ಗಾಳಿ ಸಾಕಷ್ಟಿದೆ ಎಂದು ನಂಬಿದ ಯಂತ್ರ ಊದುವುದನ್ನೇ ನಿಲ್ಲಿಸಿತ್ತು. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತು, ಕಪ್ಪು ನೀರು ಫ್ಯೋರ್ಡಿಗೆ, ಪಕ್ಕದ ಆ ಕಡಲ ಕೊಲ್ಲಿಗೆ, ಹರಿದಿತ್ತು. ಎಲ್ಲರೂ ತೋವೆಯತ್ತ ಬೆರಳು ಮಾಡಿದರು.

ಇವತ್ತು ಕೇಕ್ ಕೊಯ್ಯುವ ಮೊದಲು ಅವಳು ನನ್ನ ಕಿವಿಯಲ್ಲಿ, "ಮ್ಯಾನೇಜರೇ ಹಾಗಿಡು ಅಂದ್ರು. ಆಮ್ಲಜನಕ ಕಮ್ಮಿ ಅಂತ ರಾತ್ರಿ ಅಲಾರಂ ಹೊಡ್ಕೊಂಡ್ರೆ ಅವ್ರಿಗೆ ನಿದ್ದೆ ಬರಲ್ವಂತೆ," ಎಂದಳು.

ಆ ಮ್ಯಾನೇಜರ್ ಪ್ರೆಬೆನ್ ಎರಡು ತುಂಡು ನುಂಗಿ, ಬೆರಳು ನೆಕ್ಕುತ್ತ, "ತಪ್ಪು ಯಾರ್ ಮಾಡಲ್ಲ ಹೇಳು? ಕೇಕ್ ಮಾತ್ರ ಭಾರಿ ಚೆನ್ನಾಗಿದೆ ಕಣಮ್ಮ!" ಎಂದ. ನಾಚಿಕೆಗೆಟ್ಟವನು! ತೋವೆ ತಲೆ ತಗ್ಗಿಸಿ ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಸೋಮವಾರ ಆ ಬಕೆಟ್ಟನ್ನು ಅವನ ಮೇಜಿನ ಮೇಲೆ ಕುಕ್ಕಿ, "ನಿನ್ನ ಕೇಕ್ ಯಾವಾಗ?" ಎಂದು ಕೇಳಬೇಕು. ಕೇಳಿದರೆ ಅವಳ ಕೆಲಸಕ್ಕೆ ಕುತ್ತು. ಕೇಳದಿದ್ದರೆ, ನನ್ನ ಕೈಯಲ್ಲಿ ಅವಳು ಕಲಿತದ್ದು ಕೇಕ್ ಮಾಡುವುದೊಂದನ್ನೇ.